ರೋಗಿ ನೋಡದ ಕೋಡ್, ಕ್ಲೇಮ್ ತೀರ್ಮಾನಿಸುವ ಕೋಡ್

ಇಬ್ಬರಿಗೆ ಮಂಡಿಯ ಲಿಗಮೆಂಟ್ ಹರಿದಿದೆ ಎಂದುಕೊಳ್ಳಿ. ಇಬ್ಬರೂ ಬೈಕಿನಿಂದ ಬಿದ್ದವರು. ಇಬ್ಬರ ಹತ್ತಿರವೂ ಒಂದೇ ಪಾಲಿಸಿ ಇದೆ, ತೆಗೆದುಕೊಂಡು ಇನ್ನೂ ವರ್ಷವಾಗಿಲ್ಲ. ಒಬ್ಬರು ಬಿದ್ದ ಮಾರನೇ ವಾರವೇ ಆಪರೇಷನ್ ಮಾಡಿಸಿಕೊಂಡರು. ಇನ್ನೊಬ್ಬರು ಪಟ್ಟಿ ಕಟ್ಟಿಸಿಕೊಂಡು, ಫಿಸಿಯೋಥೆರಪಿ ಮಾಡಿಸಿ, ನಾಲ್ಕು ತಿಂಗಳಾದರೂ ಸರಿಹೋಗದೆ ಆಸ್ಪತ್ರೆ ಸೇರಿದರು. ಮೊದಲನೆಯವರ ಕ್ಲೇಮ್ ಫಾರ್ಮಿನಲ್ಲಿ ಎಸ್ 83 ಎಂಬ ಕೋಡ್ ಬಿತ್ತು. ಎರಡನೆಯವರದರಲ್ಲಿ ಎಂ 23. 'ಎಸ್' ಅಕ್ಷರದ ಕೋಡ್‌ಗಳು ಹೊಸದಾಗಿ ಬಿದ್ದ ಪೆಟ್ಟಿಗೆ. 'ಎಂ' ಅಕ್ಷರದವು ಮೂಳೆ, ಕೀಲು, ಸ್ನಾಯುಗಳ ಕಾಯಿಲೆಗೆ. ಅಪಘಾತದ ಪೆಟ್ಟಿಗೆ ವಿಮೆಯಲ್ಲಿ ಸಾಮಾನ್ಯವಾಗಿ ವೇಟಿಂಗ್ ಪೀರಿಯಡ್ ಇರುವುದಿಲ್ಲ. ಕೀಲಿನ ಕಾಯಿಲೆಗಳಿಗೆ ಅನೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು.

ಮೊದಲನೆಯವರಿಗೆ ಹಣ ಬರುತ್ತದೆ. ಎರಡನೆಯವರಿಗೆ ತಿರಸ್ಕಾರದ ಪತ್ರ ಬರಬಹುದು. ಇಲ್ಲಿ ಡಾಕ್ಟರ್ ಸುಳ್ಳು ಬರೆದಿಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟ ಮಂಡಿ ಪರೀಕ್ಷೆಯಲ್ಲಿ ಹಳೆಯ ತೊಂದರೆಯಂತೆಯೇ ಕಾಣುತ್ತದೆ. ಆದರೆ ಇದು ಶುರುವಾಗಿದ್ದು ಇಂಥ ದಿನ ಬೈಕಿನಿಂದ ಬಿದ್ದಾಗ ಎಂದು ಒಂದು ಸಾಲು ಸೇರಿಸಿದ್ದರೆ ಕತೆಯೇ ಬೇರೆ ಆಗುತ್ತಿತ್ತು.

ಆರೋಗ್ಯ ವಿಮೆ ಅಂದಾಗ ನಾವು ಪ್ರೀಮಿಯಂ ಎಷ್ಟು, ಕವರ್ ಎಷ್ಟು ಲಕ್ಷ, ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆ ಎಂದು ಕೇಳುತ್ತೇವೆ. ಕೋಡ್‌ಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವನ್ನು ಆಸ್ಪತ್ರೆ ನೋಡುತ್ತದೆ, ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಸಂಸ್ಥೆಯಾದ ಟಿಪಿಎ ನೋಡುತ್ತದೆ, ವಿಮಾ ಕಂಪನಿ ನೋಡುತ್ತದೆ. ಹಾಸಿಗೆಯ ಮೇಲೆ ಮಲಗಿದವರೂ ಅವರ ಮನೆಯವರೂ ನೋಡಿರುವುದಿಲ್ಲ. ಡಿಸ್ಚಾರ್ಜ್ ಆಗುವ ಮೊದಲೇ ಅವರಿಗೆ ಅದನ್ನು ತೋರಿಸಬೇಕು ಎಂಬುದು ನನ್ನ ವಾದ. ಯಾಕೆ ಎಂದು ತಿಳಿಯಲು ಈ ಕೋಡ್‌ಗಳು ಎಲ್ಲೆಲ್ಲಿ ಹೇಗೆ ಕೆಲಸ ಮಾಡುತ್ತವೆ ಅಂತ ನೋಡಬೇಕು.

ಫಾರ್ಮಿನ ಎರಡನೇ ಭಾಗ

ಆಸ್ಪತ್ರೆಯ ಕ್ಲೇಮ್ ಫಾರ್ಮಿನಲ್ಲಿ ಎರಡು ಭಾಗಗಳಿವೆ. ಪಾರ್ಟ್ ಎ ತುಂಬಿ ಸಹಿ ಹಾಕುವವರು ಪಾಲಿಸಿದಾರರು. ಪಾರ್ಟ್ ಬಿ ತುಂಬುವುದು ಆಸ್ಪತ್ರೆ. ಮುಖ್ಯ ಕಾಯಿಲೆಯ ಕೋಡ್, ಜೊತೆಗಿರುವ ಕಾಯಿಲೆಗಳ ಕೋಡ್, ಮಾಡಿದ ಆಪರೇಷನ್ನಿನ ಕೋಡ್, ಇವಕ್ಕೆಲ್ಲ ಜಾಗ ಇರುವುದು ಈ ಪಾರ್ಟ್ ಬಿಯಲ್ಲಿ. ಡಾಕ್ಟರ್ ಕಾಯಿಲೆಯ ಹೆಸರು ಬರೆದಿರುತ್ತಾರೆ. ಅದನ್ನು ಕೋಡ್ ಮಾಡುವವರು ಹೆಚ್ಚಿನ ಕಡೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದವರು ಅಥವಾ ಇನ್ಶೂರೆನ್ಸ್ ಡೆಸ್ಕ್‌ನವರು. ಅವರು ರೋಗಿಯ ಮುಖ ನೋಡಿರುವುದಿಲ್ಲ. ಮುಂದೆ ಇರುವ ಕಾಗದದಲ್ಲಿ ಇದ್ದಷ್ಟೇ ಅವರಿಗೆ ಗೊತ್ತು.

ಈ ಕೋಡ್‌ಗಳ ಪಟ್ಟಿಗೆ ಐಸಿಡಿ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಇದರ ಮೂಲ 1893ರಲ್ಲಿದೆ. ಜನ ಯಾವ ಯಾವ ಕಾರಣಕ್ಕೆ ಸಾಯುತ್ತಿದ್ದಾರೆ ಎಂದು ಎಲ್ಲ ದೇಶಗಳೂ ಒಂದೇ ರೀತಿ ಎಣಿಸಲಿ ಅಂತ ಫ್ರಾನ್ಸಿನ ಜಾಕ್ ಬರ್ಟಿಲಾನ್ ಸಾವಿನ ಕಾರಣಗಳ ಒಂದು ಪಟ್ಟಿ ಮಾಡಿದರು. ಅದೇ ಬೆಳೆಯುತ್ತಾ ಎಲ್ಲ ಕಾಯಿಲೆಗಳ ಪಟ್ಟಿಯಾಯಿತು. ಹತ್ತನೇ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದು 2022ರಿಂದ ಜಾರಿಗೆ ಬಂದಿದ್ದರೂ ನಮ್ಮ ಕ್ಲೇಮ್ ಫಾರ್ಮ್ ಕೇಳುವುದು ಹತ್ತನೆಯದನ್ನೇ. ಸತ್ತವರನ್ನು ಎಣಿಸಲು ಮಾಡಿದ ಪಟ್ಟಿ ಈಗ ಬದುಕಿದವರ ಬಿಲ್ಲಿಗೆ ಬಂದು ಕೂತಿದೆ. ಎಣಿಕೆಯಲ್ಲಿ ಹತ್ತಾರು ಸಾವಿರದಲ್ಲಿ ಒಂದು ಕೋಡ್ ಆಚೀಚೆ ಆದರೆ ದೊಡ್ಡ ನಷ್ಟವಿಲ್ಲ. ಕ್ಲೇಮಿನಲ್ಲಿ ಆ ಒಂದು ಕೋಡೇ ಒಂದು ಮನೆಯ ಸಾಲ ಆಗಬಹುದು.

ಇನ್ನೊಂದು ಕಡೆಯೂ ಕೋಡ್‌ಗಳಿವೆ. ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ, ಪಾಲಿಸಿಯಲ್ಲಿ ಯಾವುದಕ್ಕೆ ಹಣ ಕೊಡುವುದಿಲ್ಲ ಎನ್ನುವುದಕ್ಕೂ ನಂಬರ್ ಕೊಟ್ಟಿದೆ. 'ಎಕ್ಸ್‌ಕ್ಲೂಷನ್ 01' ಅಂದರೆ ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆ. 02 ಅಂದರೆ ನಿಗದಿತ ಕಾಲ ಕಾಯಬೇಕಾದ ಕಾಯಿಲೆಗಳು. 04 ಅಂದರೆ ಬರೀ ತಪಾಸಣೆಗೆ ಅಡ್ಮಿಟ್ ಆಗಿದ್ದು. 12 ಅಂದರೆ ಮದ್ಯ, ಮಾದಕ ವಸ್ತುಗಳ ಚಟಕ್ಕೆ ಸಂಬಂಧಿಸಿದ್ದು. ಆಸ್ಪತ್ರೆಯ ಕೋಡ್ ಈ ನಂಬರುಗಳಲ್ಲಿ ಯಾವುದಕ್ಕಾದರೂ ಹತ್ತಿರ ಬಂದರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ.

ಜ್ವರದ ಉದಾಹರಣೆ ನೋಡಿ. ನಾಲ್ಕು ದಿನದಿಂದ ಜ್ವರ, ಸುಸ್ತು, ಅಡ್ಮಿಟ್ ಮಾಡಿದರು. ಡ್ರಿಪ್ ಹಾಕಿದರು, ರಕ್ತ ಪರೀಕ್ಷೆಗಳಾದವು. ಟೈಫಾಯ್ಡ್ ಎಂದು ಗೊತ್ತಾದರೆ ಕೋಡ್ ಎ 01. ಏನೂ ಸ್ಪಷ್ಟವಾಗದೆ ಜ್ವರ ಇಳಿದು ಮನೆಗೆ ಹೋದರೆ ಆರ್ 50, ಅಂದರೆ ಕಾರಣ ತಿಳಿಯದ ಜ್ವರ. 'ಆರ್' ಅಕ್ಷರದಲ್ಲಿ ಇರುವುದೆಲ್ಲ ಲಕ್ಷಣಗಳು, ಕಾಯಿಲೆಯ ಹೆಸರಲ್ಲ. ಕಂಪನಿಯವರು ಇದನ್ನು ನೋಡಿ ಬರೀ ಟೆಸ್ಟ್ ಮಾಡಿಸಲು ಸೇರಿದ್ದಲ್ವಾ, ಒಪಿಡಿಯಲ್ಲೇ ಆಗುತ್ತಿತ್ತು ಎಂದು 04ನ್ನು ತೋರಿಸಬಹುದು. ರೋಗಿ ಅಷ್ಟೇ ನರಳಿದ್ದಾರೆ, ಅಷ್ಟೇ ದುಡ್ಡು ಕೊಟ್ಟಿದ್ದಾರೆ. ಹೆಸರು ಸಿಗದ ಕಾಯಿಲೆಗೆ ಹಣವೂ ಸಿಗುವುದು ಕಷ್ಟ. ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಡ್ಮಿಟ್ ಮಾಡಿದ್ದು ಯಾಕೆ ಎನ್ನುವುದು ಇರಲೇಬೇಕು. ಜ್ವರ ಎಷ್ಟಿತ್ತು, ಬಿಪಿ ಎಷ್ಟಕ್ಕೆ ಇಳಿದಿತ್ತು, ಪ್ಲೇಟ್‌ಲೆಟ್ ಎಷ್ಟಿತ್ತು, ಯಾವ ಇಂಜೆಕ್ಷನ್ ಕೊಟ್ಟರು. ಕೋಡ್ ಹೇಳದ ವಿಷಯವನ್ನು ಈ ಸಾಲುಗಳು ಹೇಳುತ್ತವೆ.

ಲಿವರ್ ಕಾಯಿಲೆಯಲ್ಲಿ ಇದು ಇನ್ನೂ ಸೂಕ್ಷ್ಮ. ಕುಡಿತದಿಂದ ಬಂದ ಲಿವರ್ ಕಾಯಿಲೆಗೆ ಕೆ 70. ಬೇರೆ ಕಾರಣದ ಸಿರೋಸಿಸ್‌ಗೆ ಕೆ 74. ರೋಗಿ ಡಾಕ್ಟರ ಹತ್ತಿರ ಮುಚ್ಚುಮರೆ ಇಲ್ಲದೆ 'ಹಬ್ಬಕ್ಕೋ ಮದುವೆಗೋ ಸ್ವಲ್ಪ ತಗೋತೀನಿ' ಎಂದಿರುತ್ತಾರೆ. ಕೇಸ್ ಶೀಟಿನಲ್ಲಿ ಅದು 'ಆಲ್ಕೊಹಾಲಿಕ್' ಎಂಬ ಒಂದೇ ಪದವಾಗಿ ಇಳಿದರೆ, ಹೆಪಟೈಟಿಸ್‌ನಿಂದ ಹಾಳಾದ ಲಿವರ್ ಕೂಡ 12ನೇ ನಂಬರಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಇದಕ್ಕೆ ಹೆದರಿ ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ, ಚಿಕಿತ್ಸೆ ತಪ್ಪುತ್ತದೆ. ಎಷ್ಟು, ಯಾವಾಗ ಎಂದು ಸರಿಯಾಗಿ ಬರೆಯಿರಿ ಎಂದು ಕೇಳಿ.

ಸಕ್ಕರೆ ಕಾಯಿಲೆ, ಬಿಪಿಯ ವಿಷಯದಲ್ಲಿ ಅತಿ ಹೆಚ್ಚು ಪೆಟ್ಟು ಕೊಡುವುದು 'ಹತ್ತು ವರ್ಷದಿಂದ ಶುಗರ್ ಇದೆ' ಎಂಬಂಥ ಸಾಲು. ಅಡ್ಮಿಷನ್ ಹೊತ್ತಿನ ಗಡಿಬಿಡಿಯಲ್ಲಿ ಜೊತೆಗೆ ಬಂದ ಅಳಿಯನೋ ಪಕ್ಕದ ಮನೆಯವರೋ ಅಂದಾಜಿಗೆ ಹೇಳಿದ್ದನ್ನು ಜೂನಿಯರ್ ಡಾಕ್ಟರ್ ಬರೆದುಕೊಂಡಿರುತ್ತಾರೆ. ಶುಗರ್ ಪತ್ತೆಯಾಗಿದ್ದು ನಿಜವಾಗಿ ಮೂರು ವರ್ಷದ ಹಿಂದೆ, ಪಾಲಿಸಿ ತೆಗೆದುಕೊಂಡ ಮೇಲೆ ಎಂದಿಟ್ಟುಕೊಳ್ಳಿ. ಕಾಗದದಲ್ಲಿ ಹತ್ತು ವರ್ಷ ಎಂದಿದ್ದರೆ 'ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡಿರಿ' ಎಂಬ ಆರೋಪ ಬರುತ್ತದೆ. 2024ರ ಏಪ್ರಿಲ್‌ನಿಂದ ನಿಯಮ ಸ್ವಲ್ಪ ಸಡಿಲವಾಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ್ದರೆ ಮಾಹಿತಿ ಮುಚ್ಚಿಟ್ಟಿರಿ ಎಂದು ಕ್ಲೇಮ್ ತಡೆಯುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ತಡೆಯಬಹುದು. ಆ ಐದು ವರ್ಷ ತುಂಬದವರಿಗೆ ಒಂದು ಅಂದಾಜಿನ ಸಾಲು ಈಗಲೂ ಅಪಾಯವೇ.

ಬಿಲ್ಲಿನ ಸಾಲುಗಳು

ಕಾಯಿಲೆಯ ಕೋಡ್ ದಾಟಿದರೂ ಬಿಲ್ಲಿನ ಒಂದೊಂದು ಸಾಲಿಗೂ ಪ್ರತ್ಯೇಕ ಪರೀಕ್ಷೆ ಇದೆ. ಐಆರ್‌ಡಿಎಐ ನಾಲ್ಕು ಪಟ್ಟಿ ಮಾಡಿದೆ. ಮೊದಲ ಪಟ್ಟಿಯಲ್ಲಿ 68 ವಸ್ತುಗಳಿವೆ, ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿಲ್ಲದಿದ್ದರೆ ಅವುಗಳ ದುಡ್ಡು ರೋಗಿಯದೇ. ಉಳಿದ ಮೂರು ಪಟ್ಟಿಗಳಲ್ಲಿ ಇರುವ ವಸ್ತುಗಳು ರೂಮಿನ ಬಾಡಿಗೆಯಲ್ಲೋ, ಆಪರೇಷನ್ ಶುಲ್ಕದಲ್ಲೋ, ಚಿಕಿತ್ಸೆಯ ಖರ್ಚಿನಲ್ಲೋ ಸೇರಿಹೋಗಬೇಕು. ಅವನ್ನು ಬೇರೆ ಸಾಲು ಮಾಡಿ ಬಿಲ್ ಹಾಕಿದರೆ ಕಂಪನಿ ಕೊಡುವುದಿಲ್ಲ.

ಮೊದಲ ಪಟ್ಟಿಯಲ್ಲಿ ಒಂದು ವಿಚಿತ್ರ ಸಾಲಿದೆ. ಒಳಗೆ ಏನಿದೆ ಎಂದು ವಿವರ ಬರೆಯದ ಯಾವುದೇ ಕಿಟ್‌ಗೆ ಹಣವಿಲ್ಲ. ಡೆಲಿವರಿ ಕಿಟ್, ಆರ್ಥೋ ಕಿಟ್ ಎಂದು ಬರೆದು ಸಾವಿರಾರು ರೂಪಾಯಿ ಹಾಕಿದರೆ ಪೂರ್ತಿ ಕಡಿತ. ಅದೇ ಕಿಟ್ ಬಿಡಿಸಿ ಯಾವ ಯಾವ ಸಾಮಾನು, ಎಷ್ಟೆಷ್ಟು ಎಂದು ಬರೆದರೆ ಅದರಲ್ಲಿ ಒಂದಷ್ಟಕ್ಕಾದರೂ ಹಣ ಬರುವ ಅವಕಾಶವಿದೆ. ಬರೆಯುವುದಕ್ಕೆ ಆಸ್ಪತ್ರೆಗೆ ಖರ್ಚೇನೂ ಇಲ್ಲ. ಬರೆಯದಿದ್ದಾಗ ಕಳೆದುಕೊಳ್ಳುವವರು ರೋಗಿ.

ರೂಮ್ ಬಾಡಿಗೆಯ ಕಡಿತ ಬಹಳ ಜನರಿಗೆ ಡಿಸ್ಚಾರ್ಜ್ ದಿನವೇ ಗೊತ್ತಾಗುವುದು. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿ ಮಿತಿ, ಸೇರಿದ್ದು 10,000 ರೂಪಾಯಿಯ ರೂಮಿಗೆ ಎಂದರೆ ಬಾಡಿಗೆಯಲ್ಲಿ ಮಾತ್ರ ಅರ್ಧ ಹೋಗುವುದಿಲ್ಲ. ಡಾಕ್ಟರ್ ಫೀಸ್, ಓಟಿ ಚಾರ್ಜ್ ಎಲ್ಲದರಲ್ಲೂ ಅದೇ ಅನುಪಾತದಲ್ಲಿ ಅರ್ಧ ಹೋಗುತ್ತದೆ. 2020ರಲ್ಲಿ ಐಆರ್‌ಡಿಎಐ ಇದಕ್ಕೆ ಬೇಲಿ ಹಾಕಿತು. ಔಷಧಿ, ಕನ್ಸ್ಯೂಮಬಲ್ಸ್ (ಒಮ್ಮೆ ಬಳಸಿ ಎಸೆಯುವ ಸಾಮಾನು), ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ), ಲ್ಯಾಬ್ ಮತ್ತು ಸ್ಕ್ಯಾನ್ ಖರ್ಚಿನಲ್ಲಿ ಹೀಗೆ ಕಡಿಯುವಂತಿಲ್ಲ. ಐಸಿಯು ಶುಲ್ಕದಲ್ಲೂ ಕಡಿಯುವಂತಿಲ್ಲ. ರೂಮಿಗೆ ತಕ್ಕಂತೆ ಬೇರೆ ಬೇರೆ ದರ ಹಾಕದ ಆಸ್ಪತ್ರೆಗಳಿಗೆ ಈ ಕಡಿತವೇ ಇಲ್ಲ.

ಒಳ್ಳೆಯ ನಿಯಮ. ಆದರೆ ಅದರ ಲಾಭ ಬಿಲ್ ಬರೆದ ರೀತಿಯ ಮೇಲೆ ನಿಂತಿದೆ. 2 ಲಕ್ಷದ ಆಪರೇಷನ್ನನ್ನು 'ಸರ್ಜರಿ ಪ್ಯಾಕೇಜ್' ಎಂದು ಒಂದೇ ಸಾಲಿನಲ್ಲಿ ಬರೆದರು ಎನ್ನಿ. ಮೇಲಿನ ಲೆಕ್ಕದಲ್ಲಿ 1 ಲಕ್ಷ ಕಡಿತವಾಗಬಹುದು. ಅದರಲ್ಲಿ ಇಂಪ್ಲಾಂಟ್, ಔಷಧಿ, ಟೆಸ್ಟ್ ಸೇರಿ 1,10,000 ಎಂದು ಬಿಡಿಸಿ ಬರೆದಿದ್ದರೆ ಉಳಿದ 90,000ಕ್ಕೆ ಮಾತ್ರ ಕತ್ತರಿ, ಅಂದರೆ 45,000. ಸುಮ್ನೆ ಒಂದು ಬಿಲ್ಲನ್ನು ಬಿಡಿಸಿ ಬರೆಯದ ಕಾರಣಕ್ಕೆ 55,000 ರೂಪಾಯಿ ಕೈಯಿಂದ ಹೋಯಿತು. ನನ್ನ ಪ್ರಕಾರ ಪಾಲಿಸಿದಾರರು ತಿಳಿದಿರಬೇಕಾದ ಲೆಕ್ಕಗಳಲ್ಲಿ ಇದು ಬಹಳ ಮುಖ್ಯ. ಪ್ಯಾಕೇಜ್ ಅಂದರೆ ಅಗ್ಗ ಎಂದುಕೊಂಡು ಒಪ್ಪುವ ಮೊದಲು ಒಳಗಿನ ವಿವರ ಕೇಳಿ.

ಒಟ್ಟು ಮೊತ್ತದಲ್ಲಿ ನೋಡಿದರೆ ವಿಷಯ ಸಣ್ಣದಲ್ಲ. ಐಆರ್‌ಡಿಎಐ ವಾರ್ಷಿಕ ವರದಿಯ ಪ್ರಕಾರ 2023-24ರಲ್ಲಿ ಆರೋಗ್ಯ ವಿಮೆಯಲ್ಲಿ ಸುಮಾರು 1.17 ಲಕ್ಷ ಕೋಟಿ ರೂಪಾಯಿಯ ಕ್ಲೇಮ್‌ಗಳಿದ್ದವು. ಕಂಪನಿಗಳು ಕೊಟ್ಟಿದ್ದು 83,493 ಕೋಟಿ. ಪೂರ್ತಿ ತಿರಸ್ಕರಿಸಿದ್ದು ಸುಮಾರು 10,937 ಕೋಟಿ. ಅದಲ್ಲದೆ ಪಾಲಿಸಿಯ ಷರತ್ತಿಗೆ ಹೊಂದುವುದಿಲ್ಲ ಎಂದು ಕಡಿದಿದ್ದು ಸುಮಾರು 15,100 ಕೋಟಿ. ಇದೆಲ್ಲ ಅನ್ಯಾಯದ ಕಡಿತ ಎಂದು ನಾನು ಹೇಳುತ್ತಿಲ್ಲ. ಸುಳ್ಳು ಕ್ಲೇಮ್‌ಗಳೂ ಬರುತ್ತವೆ. ಆದರೆ ಇಷ್ಟು ದೊಡ್ಡ ಮೊತ್ತದ ತೀರ್ಮಾನ ರೋಗಿಗೆ ತೋರಿಸದ ಕಾಗದದ ಮೇಲೆ ನಡೆಯುವುದು ಸರಿಯಲ್ಲ.

ಸರ್ಕಾರಿ ಯೋಜನೆಯಲ್ಲಿ ಕೋಡ್ ಅಂದರೆ ದರ

ಖಾಸಗಿ ವಿಮೆಯಲ್ಲಿ ಕಾಯಿಲೆಯ ಕೋಡ್ ಹಣ ಕೊಡಬೇಕೋ ಬೇಡವೋ ಎನ್ನುವುದನ್ನು ಹೇಳುತ್ತದೆ. ಎಷ್ಟು ಎನ್ನುವುದು ಆಸ್ಪತ್ರೆಯ ದರಪಟ್ಟಿ ಮತ್ತು ಪಾಲಿಸಿಗೆ ಬಿಟ್ಟಿದ್ದು. ಆಯುಷ್ಮಾನ್ ಭಾರತದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಚಿಕಿತ್ಸೆಯ ಪ್ಯಾಕೇಜ್ ಕೋಡ್‌ಗೇ ಒಂದು ದರ ಅಂಟಿಕೊಂಡಿದೆ. ಕೋಡ್ ಆರಿಸಿದ ಕೂಡಲೇ ಮೊತ್ತವೂ ನಿಗದಿಯಾಯಿತು.

ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಯೋಜನೆಯ ಜೊತೆ ಸೇರಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಆಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಪಟ್ಟಿಯಲ್ಲಿ 1,650 ಚಿಕಿತ್ಸೆಗಳನ್ನು ಇಟ್ಟರು. ಅದರಲ್ಲಿ 169 ತುರ್ತು ಚಿಕಿತ್ಸೆಗಳು. ತುರ್ತು ಪಟ್ಟಿಯಲ್ಲಿರುವ ಕೋಡ್ ಆದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ. ಅಂದರೆ ಹಳ್ಳಿಯಿಂದ ಬಂದ ಒಂದು ಕುಟುಂಬ ಯಾವ ಬಾಗಿಲಿಗೆ ಹೋಗಬೇಕು ಎನ್ನುವುದನ್ನೂ ಕೋಡೇ ಹೇಳುತ್ತದೆ. ಯೋಜನೆಯ ನೆರವಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರ ಇದನ್ನು ಬಿಡಿಸಿ ಹೇಳಿದರೆ ಸರಿ. ಹೇಳದಿದ್ದರೆ ಅಲೆದಾಟ.

ದರ ಕೋಡ್‌ಗೆ ಅಂಟಿಕೊಂಡಾಗ ಚಿಕಿತ್ಸೆಯೂ ಕೋಡ್ ಕಡೆಗೆ ವಾಲುತ್ತದೆ. ಯೋಜನೆ ಶುರುವಾದಾಗ ಔಷಧಿಯಿಂದ ಗುಣಪಡಿಸುವ ಕಾಯಿಲೆಗೆ ಜನರಲ್ ವಾರ್ಡ್‌ನಲ್ಲಿ ದಿನಕ್ಕೆ ಸಿಗುತ್ತಿದ್ದದ್ದು 1,800 ರೂಪಾಯಿ. ಆಮೇಲೆ ಹೆಚ್ಚಿಸಿದರು. ಆಪರೇಷನ್‌ಗೆ ಮಾತ್ರ ಒಟ್ಟಿಗೆ ಹತ್ತಾರು ಸಾವಿರ. ಎಲ್ಲ ಡಾಕ್ಟರೂ ಇದಕ್ಕೆ ಬಗ್ಗುವುದಿಲ್ಲ, ಆದರೆ ಆಮಿಷ ಇರುವುದು ನಿಜ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಸರ್ಕಾರಿ ವಿಮೆಯ ಹಣಕ್ಕಾಗಿ ಬೇಡದಿದ್ದರೂ ಹೆಣ್ಣುಮಕ್ಕಳ ಗರ್ಭಕೋಶ ತೆಗೆದರು ಎಂಬ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಕೋರ್ಟ್ ಇದನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಲು ರಾಜ್ಯಗಳಿಗೆ ಹೇಳಿತು. 2024ರ ನವೆಂಬರ್‌ನಲ್ಲಿ ಗುಜರಾತಿನಲ್ಲಿ ಇನ್ನೂ ಭಯಂಕರವಾದದ್ದು ನಡೆಯಿತು. ಮೆಹಸಾಣಾ ಜಿಲ್ಲೆಯ ಹಳ್ಳಿಯಲ್ಲಿ ಆರೋಗ್ಯ ಶಿಬಿರ ಮಾಡಿ ಜನರನ್ನು ಅಹಮದಾಬಾದಿನ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರಲ್ಲಿ ಹಲವರಿಗೆ ಸ್ಟೆಂಟ್ ಹಾಕಿದರು. ಇಬ್ಬರು ಸತ್ತರು. ಯೋಜನೆಯ ಹಣಕ್ಕಾಗಿ ಮಾಡಿದ್ದು ಎಂಬ ಆರೋಪದ ಮೇಲೆ ಬಂಧನಗಳಾದವು. ಇಲ್ಲಿ ತಪ್ಪಾದ ಕೋಡ್‌ನಿಂದ ಹೋದದ್ದು ದುಡ್ಡಲ್ಲ, ಜೀವ.

ಆಸ್ಪತ್ರೆಗಳ ಕಷ್ಟವನ್ನೂ ಹೇಳಬೇಕು. ಪ್ಯಾಕೇಜ್ ದರ ಸಾಲುವುದಿಲ್ಲ, ಬಾಕಿ ತಿಂಗಳುಗಟ್ಟಲೆ ಬರುವುದಿಲ್ಲ ಎಂಬ ದೂರು ಹಳೆಯದು. ಹರಿಯಾಣದಲ್ಲಿ 2025ರ ಆಗಸ್ಟ್‌ನಲ್ಲಿ ನೂರಾರು ಖಾಸಗಿ ಆಸ್ಪತ್ರೆಗಳು ಬಾಕಿಯ ಕಾರಣಕ್ಕೇ ಆಯುಷ್ಮಾನ್ ಸೇವೆ ನಿಲ್ಲಿಸಿದ್ದವು. ದರ ತೀರಾ ಕಡಿಮೆ ಇಟ್ಟು, ಅದನ್ನೂ ತಡವಾಗಿ ಕೊಟ್ಟರೆ ಪ್ರಾಮಾಣಿಕ ಆಸ್ಪತ್ರೆಗಳು ಹೊರಗೆ ಹೋಗುತ್ತವೆ. ಕೋಡ್ ತಿರುಚಲು ಹಿಂಜರಿಯದವರು ಉಳಿದುಕೊಳ್ಳುತ್ತಾರೆ.

ಕೋವಿಡ್ ಕಾಲದಲ್ಲಿ ಬೆಂಗಳೂರಿನವರು ಇದನ್ನೆಲ್ಲ ಕಣ್ಣಾರೆ ಕಂಡರು. 2020ರ ಜೂನ್‌ನಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ನಿಗದಿ ಮಾಡಿತು. ಸರ್ಕಾರ ಕಳಿಸಿದ ರೋಗಿಗೆ ಜನರಲ್ ವಾರ್ಡ್‌ನಲ್ಲಿ ದಿನಕ್ಕೆ 5,200, ನೇರವಾಗಿ ಬಂದವರಿಗೆ 10,000. ವೆಂಟಿಲೇಟರ್ ಇರುವ ಐಸಿಯು ಆದರೆ 10,000 ಮತ್ತು 25,000. ಸರ್ಕಾರಿ ಕೋಟಾದ ಬೆಡ್ ಸಿಗಲು, ಪಾಸಿಟಿವ್ ಬಂದ ರೋಗಿಗೆ ಕೊಡುತ್ತಿದ್ದ ಬಿಯು ನಂಬರ್ ಬೇಕಿತ್ತು. 2021ರ ಎರಡನೇ ಅಲೆಯಲ್ಲಿ ಆರ್‌ಟಿ-ಪಿಸಿಆರ್ ನೆಗೆಟಿವ್ ಬಂದು ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶ ಹಾಳಾಗಿದ್ದು ಕಂಡವರು ಆ ನಂಬರ್ ಇಲ್ಲದೆ ಒದ್ದಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಮೊದಲೇ ಎರಡು ಕೋಡ್ ಮಾಡಿತ್ತು. ಲ್ಯಾಬಿನಲ್ಲಿ ವೈರಸ್ ಸಿಕ್ಕಿದರೆ ಯು 07.1, ಸಿಗದಿದ್ದರೂ ಲಕ್ಷಣಗಳಿಂದ ಕೋವಿಡ್ ಎಂದು ಡಾಕ್ಟರ್ ನಿರ್ಧರಿಸಿದರೆ ಯು 07.2. 2020ರ ಜುಲೈನಲ್ಲಿ ಬಂದ 'ಕೊರೊನಾ ಕವಚ' ಪಾಲಿಸಿಯೂ ಮಾನ್ಯತೆ ಪಡೆದ ಲ್ಯಾಬಿನ ಪಾಸಿಟಿವ್ ವರದಿಯನ್ನೇ ಕೇಳುತ್ತಿತ್ತು. ಎರಡನೇ ಕೋಡಿನವರೂ ಅದೇ ಆಮ್ಲಜನಕ, ಅದೇ ಐಸಿಯುನಲ್ಲಿದ್ದರು. ಪ್ರಪಂಚದ ಪಟ್ಟಿಯಲ್ಲಿ ಅವರಿಗೆ ಜಾಗ ಇತ್ತು, ನಮ್ಮ ನಿಯಮದಲ್ಲಿ ಇರಲಿಲ್ಲ.

ಅಮೆರಿಕದ ದಾರಿ, ಮುಂದಿನ ದಾರಿ

ಕಾಯಿಲೆಯ ಗುಂಪಿಗೆ ಒಂದು ದರ ಎಂಬ ಯೋಚನೆ ಅಮೆರಿಕದ್ದು. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟ್ಟರ್ ಮತ್ತು ಜಾನ್ ಥಾಮ್ಸನ್ ಇದನ್ನು ರೂಪಿಸಿದರು. 1983ರಲ್ಲಿ ಹಿರಿಯರಿಗಾಗಿ ಇರುವ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಒಪ್ಪಿಕೊಂಡಿತು. ಇದಕ್ಕೆ ಡಿಆರ್‌ಜಿ ಎನ್ನುತ್ತಾರೆ. ಅಲ್ಲಿ ಸಾಧಾರಣ ನ್ಯುಮೋನಿಯಾಕ್ಕೆ ಮೂರು ಮೆಟ್ಟಿಲು: 195, 194, 193. ಜೊತೆಗೆ ಬೇರೆ ತೊಂದರೆ ಇದ್ದರೆ, ಅದು ಗಂಭೀರವಾಗಿದ್ದರೆ ದರ ಏರುತ್ತದೆ. ಇದರಿಂದ ರೋಗಿಯನ್ನು ನಿಜಕ್ಕಿಂತ ಜಾಸ್ತಿ ಕಾಯಿಲೆಯವನಂತೆ ಕಾಗದದಲ್ಲಿ ತೋರಿಸುವ ಚಾಳಿಯೂ ಬೆಳೆಯಿತು. ನಮ್ಮಲ್ಲೂ 2022ರಲ್ಲಿ ಆಯುಷ್ಮಾನ್ ಯೋಜನೆಯ ಪ್ಯಾಕೇಜ್‌ಗಳನ್ನು ಪರಿಷ್ಕರಿಸಿದಾಗ ಕೆಲವು ರಾಜ್ಯಗಳಲ್ಲಿ ಡಿಆರ್‌ಜಿಯನ್ನು ಪ್ರಾಯೋಗಿಕವಾಗಿ ನೋಡುವುದಾಗಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಹೇಳಿತು.

ಇನ್ನೊಂದು ಬದಲಾವಣೆ ಬಾಗಿಲಿಗೇ ಬಂದಿದೆ. ಆಸ್ಪತ್ರೆ, ಟಿಪಿಎ, ಕಂಪನಿಗಳು ಕ್ಲೇಮ್ ಕಾಗದಗಳನ್ನು ಒಂದೇ ಮಾದರಿಯಲ್ಲಿ ಡಿಜಿಟಲ್ ಆಗಿ ಕಳಿಸಿಕೊಳ್ಳಲು ರಾಷ್ಟ್ರೀಯ ಆರೋಗ್ಯ ಕ್ಲೇಮ್ ವಿನಿಮಯ ವ್ಯವಸ್ಥೆ ಬರುತ್ತಿದೆ. 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್‌ಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. ಮೂರು ಗಂಟೆ ಮೀರಿದ್ದರಿಂದ ಆಸ್ಪತ್ರೆ ಹೆಚ್ಚಿಗೆ ಬಿಲ್ ಮಾಡಿದರೆ ಅದು ಕಂಪನಿಯ ತಲೆಗೆ. ವೇಗ ಒಳ್ಳೆಯದೇ. ಆದರೆ ಗಂಟೆಗಳಲ್ಲಿ ತೀರ್ಮಾನ ಆಗಬೇಕಾದಾಗ ಕೇಸ್ ಶೀಟನ್ನು ಪೂರ್ತಿ ಓದುವವರು ಕಡಿಮೆ ಆಗುತ್ತಾರೆ, ಕೋಡ್‌ಗೆ ಇನ್ನೂ ತೂಕ ಬರುತ್ತದೆ. ಹಾಗಾಗಿ ಪಾರ್ಟ್ ಬಿಯ ಒಂದು ಪ್ರತಿ, ಕೋಡ್‌ಗಳ ಅರ್ಥ ಕನ್ನಡದಲ್ಲಿ ಬರೆದು, ಡಿಸ್ಚಾರ್ಜ್ ಮೊದಲೇ ರೋಗಿಯ ಕೈಗೆ ಸಿಗಬೇಕು ಎಂದು ನಿಯಮ ಬರಬೇಕು. ಡಿಜಿಟಲ್ ವ್ಯವಸ್ಥೆಯಲ್ಲಿ ಇದೇನು ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ ನಾವೇ ಕೇಳಬೇಕು. ಸಮ್ಮರಿಯ ಡ್ರಾಫ್ಟ್ ಬಂದ ಕೂಡಲೇ ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ ಎಂಬ ಸಾಲು, ಅಪಘಾತವಾದರೆ ಅದರ ದಿನಾಂಕ ನೋಡಿ. ತಪ್ಪಿದ್ದರೆ ಡಾಕ್ಟರ್ ಸಹಿ ಹಾಕುವ ಮೊದಲೇ ಹೇಳಿ. ಆಮೇಲೆ ತಿದ್ದಿಸಿದರೆ ಕಂಪನಿಯವರು ಅನುಮಾನದಿಂದ ನೋಡುತ್ತಾರೆ. ಕಡಿತ ಆದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ, ಹೇಳುವುದು ಕಂಪನಿಯ ಕರ್ತವ್ಯ. ಈಗ ಯಾವುದೇ ಕ್ಲೇಮನ್ನು ಪೂರ್ತಿ ತಿರಸ್ಕರಿಸಲು ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಡಾಕ್ಟರಿಂದ ಸ್ಪಷ್ಟೀಕರಣ ಪತ್ರ ಪಡೆದು ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನಲ್ಲೇ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ದೂರು ಕೇಳುತ್ತಾರೆ. ಕಂಪನಿಯ ತಿರಸ್ಕಾರ ಬಂದ ಒಂದು ವರ್ಷದೊಳಗೆ ಹೋಗಬೇಕು. ಹೋಗುವಾಗ ಪಾರ್ಟ್ ಬಿಯ ಪ್ರತಿಯನ್ನು ಆಸ್ಪತ್ರೆಯಿಂದ ತೆಗೆದುಕೊಂಡೇ ಹೋಗಿ.